ಹುಲಿಯಪ್ಪನ ಹೊಟ್ಟೆ ಕರಗಿದ್ದು

ಕಾರ್ಖಾನೆಯ ಡಾಕ್ಟರು ಹುಲಿಯಪ್ಪನನ್ನು ಹಿಂದಕ್ಕೆ ಕಳಿಸಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಹುಲಿಯಪ್ಪ ಮಾತ್ರ ಎರಡು ಮುದ್ದೆ ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ನೂಕಿದ.

"ಮೆಟ್ಟಿಲು ಹತ್ತಿಸ್ದ ಕಣವ್ವ ಆ ಡಾಕ್ಟರಪ್ಪ. ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಆಮೇಲೆ ಎದೆಗೆ ನಳಿಗೆ ಇಟ್ಟು, 'ನಿನ್ನನ್ನ ಕ್ರೇನ್ ಮೇಲೆ ಕಳಿಸಿದ್ರೆ ಏಣಿ ಮಧ್ಯದಲ್ಲೇ ನೇತಾಡ್ತೀಯ' ಅಂದ. ಅಷ್ಟು ಜನರ ಮುಂದೆ!"

"ಅವನ ಬಾಯಿಗೆ ಮಣ್ಣು ಹಾಕ," ಎಂದಳು ತಾಯಿ ಹುಚ್ಚಮ್ಮ. ಮಗನ ತಟ್ಟೆಗೆ ಮುದ್ದೆ ಬಡಿಸಿದಳು.

ಭದ್ರಾವತಿಯ ಹಳೇ ಪೇಟೆಯಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿ ಅವರ ಮನೆ. ಕಬ್ಬಿಣದ ಕಾರ್ಖಾನೆ ಶುರುವಾದ ಹೊಸತರಲ್ಲಿ ಹುಲಿಯಪ್ಪ ಕುಲುಮೆಗೆ ಇದ್ದಿಲು ಹೊತ್ತು ಹಾಕುವ ಕೂಲಿಯಾಗಿ ಸೇರಿದವನು. ಆಗ ಅವನ ಬೆನ್ನು ಹಲಗೆಯಂತಿತ್ತು. ಆಮೇಲೆ ಮೇಸ್ತ್ರಿಯಾದ. ಕೈಯಲ್ಲಿದ್ದ ಸಲಿಕೆ ಹೋಗಿ ಬಾಯಿಗೆ ಸೀಟಿ ಬಂತು; ನೆರಳಿನಲ್ಲಿ ನಿಂತು ಬೇರೆಯವರ ಕೈಲಿ ಹೊರಿಸುವ ಕೆಲಸ. ಊಟ ಮಾತ್ರ ಇದ್ದಿಲು ಹೊರುವವನದೇ ಉಳಿಯಿತು. ಈಗ ಕೂತರೆ ತೊಡೆಯ ಮೇಲೆ ಇನ್ನೊಂದು ಮಗು ಕೂತ ಹಾಗೆ ಹೊಟ್ಟೆ. ಉಕ್ಕಿನ ಹೊಸ ಷೆಡ್ಡಿನಲ್ಲಿ ಕ್ರೇನ್ ನಡೆಸುವ ಕೆಲಸಕ್ಕೆ ಅವನ ಹೆಸರು ಹೋಗಿತ್ತು. ಡಾಕ್ಟರ ಸಹಿ ಇಲ್ಲದೆ ಅದು ಸಿಗುವಂತಿರಲಿಲ್ಲ.

"ಔಷಧಿ ಕೇಳಲಿಲ್ವಾ?" ಎಂದಳು ಹೆಂಡತಿ ಮಾಸ್ತಮ್ಮ.

"ಕೇಳ್ದೆ. 'ಇದಕ್ಕೆ ಸೀಸೆ ಇಲ್ಲ. ಮೊದ್ಲು ಮೈ ಬಗ್ಗಿಸ್ತಿದ್ದೆ, ಈಗ ಬಗ್ಗಿಸ್ತಿಲ್ಲ. ಉರಿಯದೇ ಇರೋ ಒಲೆಗೆ ಸೌದೆ ತುರುಕ್ತಾ ಇದ್ದೀಯ. ಮೈಗೆ ಕೆಲಸ ಕೊಡು, ಕೊಬ್ಬು ಇಳಿಸ್ಕೊಂಡು ಬಾ' ಅಂದ."

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ತಂದೆ ಭೂತಪ್ಪ ತಲೆಯೆತ್ತಿದ. ಪ್ರಾಯದಲ್ಲಿ ಶಿವಮೊಗ್ಗದ ಗರಡಿಯಲ್ಲಿ ಹೆಸರು ಮಾಡಿದ ಪೈಲ್ವಾನ. "ನೋಡ್ದಾ? ಆ ಡಾಕ್ಟರು ಬಾಯಿ ಬಿಟ್ಟು ಗರಡಿ ಅನ್ನಲಿಲ್ಲ ಅಷ್ಟೆ. ಪೈಲ್ವಾನನ ಹೊಟ್ಟೇಲಿ ಹುಟ್ಟಿ ಗುಡಾಣ ಆಗಿ ಕೂತಿದ್ದೀಯಲ್ಲೋ ಮಾರಾಯ. ನಾಳೇನೇ ಶಿವಮೊಗ್ಗಕ್ಕೆ ಹೋಗ್ತೀನಿ."

ಹೋದವನು ಸಂಜೆಯ ರೈಲಿನಲ್ಲಿ ಗುಂಡುಕಲ್ಲು ತಂದ. ಸ್ಟೇಷನ್ನಿನಿಂದ ಗಾಡಿ ಮಾಡಿ, ಇಬ್ಬರು ಆಳುಗಳ ಕೈಲಿ ಹಿತ್ತಲಿಗೆ ಉರುಳಿಸಿದ. ಜೊತೆಗೆ ಗರಡಿಯ ಉಸ್ತಾದ್ ಸಿದ್ದಯ್ಯ ಹೇಳಿಕಳಿಸಿದ ಪಥ್ಯವೂ ಬಂತು: ಬೆಳಿಗ್ಗೆ ಹಾಲು, ಬಾದಾಮಿ, ಸಾಮು ಮುಗಿದ ಮೇಲೆ ತುಪ್ಪದಲ್ಲಿ ಹೊರಳಿಸಿದ ರೊಟ್ಟಿ, ಮೊಟ್ಟೆ, ಎರಡು ಹೊತ್ತೂ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ.

ಮಾರನೆಯ ಬೆಳಿಗ್ಗೆಯಿಂದ ಹಿತ್ತಲಿನಲ್ಲಿ ದಂಡ, ಬಸ್ಕಿ, ಗುಂಡು ಎತ್ತುವುದು ಶುರುವಾಯಿತು. ಭೂತಪ್ಪ ಹಿತ್ತಲ ಜಗಲಿಯ ಮೇಲೆ ಕೂತು ತೊಡೆ ತಟ್ಟಿ ಎಣಿಸುವನು. ಹುಲಿಯಪ್ಪ ಲಂಗೋಟಿ ಕಟ್ಟಿ, ಏದುಸಿರು ಬಿಡುತ್ತ, ಕಲ್ಲನ್ನು ಮೊಣಕಾಲಿನವರೆಗೆ ತಂದು ಧೊಪ್ಪೆಂದು ಬಿಡುವನು. ಸ್ವಲ್ಪ ಹೊತ್ತು ಹಾಗೆ ಮಾಡಿ ಗೋಡೆಗೊರಗಿ ಕೂರುವನು. ಹಾಲು ಬರುವುದು.

ಅವನು ಕೂತಿದ್ದಾಗಲೆಲ್ಲ ಮಾಸ್ತಮ್ಮ ಅವನ ಮುಂದೆಯೇ ಹಾದುಹೋಗುವಳು. ತಲೆಯ ಮೇಲೆ ಒಂದು ಬಿಂದಿಗೆ, ಸೊಂಟದಲ್ಲಿ ಒಂದು. ಹೊಳೆಯ ಪಾವಟಿಗೆಗಳನ್ನು ಇಳಿದು, ತುಂಬಿಕೊಂಡು ಹತ್ತಿ, ಏರುಬೀದಿ ದಾಟಿ ಬರಬೇಕು. ಮೊದಲು ಕುಡಿಯಲು, ಅಡುಗೆಗೆ, ಬಟ್ಟೆಗೆ ಆದರೆ ಸಾಕಿತ್ತು. ಈಗ ಸ್ನಾನದ ಹಂಡೆ ಎರಡು ಹೊತ್ತೂ ತುಂಬಬೇಕು. ಹಂಡೆ ಕಾಯಲು ಸೌದೆ ಸೀಳಬೇಕು. ಎಣ್ಣೆ ಹತ್ತಿದ ಬಟ್ಟೆ ಕುಕ್ಕಬೇಕು.

ಒಂದು ದಿನ ಅವಳು ಬಿಂದಿಗೆ ಇಳಿಸಿ ಅಲ್ಲೇ ನಿಂತು, ಎಂದಿನಂತೆ ಮಗಳ ಹೆಸರು ಹಿಡಿದು ಗಂಡನನ್ನು ಕರೆದಳು.

"ಬಂಗಾರಿ ಅಪ್ಪ, ಒಂದು ಮಾತು. ಆ ಕಲ್ಲನ್ನ ಎತ್ತಿ ಎಲ್ಲಿ ಇಡ್ತೀರ?"

"ಎಲ್ಲಿ ಇಡ್ತಾರೆ? ಅಲ್ಲೇ."

"ಎತ್ತಿ ಅಲ್ಲೇ ಇಡೋಕೆ ಹಾಲು, ಬಾದಾಮಿ, ತುಪ್ಪ. ನಾನು ಎತ್ತಿದ್ದನ್ನ ಮನೆ ತನಕ ತರ್ತೀನಿ. ನನಗೆ ರಾತ್ರಿ ತಂಗಳು. ನಿಮ್ಮ ಬೆವರು ತೊಳೆಯೋಕೆ ನಾನು ಬೆವರು ಸುರಿಸ್ಬೇಕು, ಅಲ್ವಾ?"

"ಏಯ್!" ಭೂತಪ್ಪ ಜಗಲಿಯಿಂದ ಗುಡುಗಿದ. "ಸಾಮು ಮಾಡೋ ಜಾಗದಲ್ಲಿ ಹೆಂಗಸರ ಮಾತು ಬೀಳಬಾರದು. ಒಳಗೆ ಹೋಗು."

ಒಳಗೆ ಹುಚ್ಚಮ್ಮ ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು. "ಗಂಡು ಮಗ ಮೈ ಸರಿಮಾಡ್ಕೊಳ್ತಾ ಇದ್ರೆ ಹೊಟ್ಟೆ ಉರ್ಕೊಳ್ತೀಯಲ್ಲೇ. ನಾನು ಈ ಮುದುಕನಿಗೆ ಹಂಡೆ ತುಂಬಲಿಲ್ವಾ? ಆಗ ತುಂಗಾ ಹೊಳೆಯಿಂದ ಹೊರ್ತಿದ್ದೆ. ಬಾಯಿ ಬಿಟ್ಟಿದ್ದೀನಾ?"

"ಬಿಡಬೇಕಿತ್ತು ಅತ್ತೆ," ಎಂದಳು ಮಾಸ್ತಮ್ಮ.

ಹುಚ್ಚಮ್ಮ ಮೊರ ಎತ್ತಿಕೊಂಡು ಹೊರಗೆ ಹೊರಟುಹೋದಳು.

ಕೆಲವು ವಾರ ಕಳೆದ ಮೇಲೆ ಹುಲಿಯಪ್ಪ ಡಾಕ್ಟರ ಹತ್ತಿರ ಹೋದ. ಹೊಟ್ಟೆ ಇಳಿದಿರಲಿಲ್ಲ, ತೂಕ ಹಿಂದಿಗಿಂತ ಹೆಚ್ಚಾಗಿತ್ತು. "ಏನು ತಿಂತಿದ್ದೀಯ?" ಎಂದು ಕೇಳಿದ ಡಾಕ್ಟರು, ಅವನು ಹೇಳಿದ್ದನ್ನು ಕೇಳಿ ಮೇಜು ಗುದ್ದಿದರು. "ಒಂದು ಗಳಿಗೆ ಬೆವರು ಸುರಿಸಿ ಎರಡು ಆಳಿನ ಊಟ ಮಾಡಿದ್ರೆ ಕೊಬ್ಬು ಎಲ್ಲಿಗೆ ಹೋಗತ್ತಯ್ಯ? ನೀನು ಕುಸ್ತಿಗೆ ಹೋಗ್ತೀಯೋ ಕ್ರೇನಿಗೋ? ಮಿತವಾಗಿ ತಿನ್ನು, ದಿನವಿಡೀ ಮೈ ಆಡಿಸ್ತಾ ಇರು. ಇನ್ನೊಂದು ಸಲ ನೋಡ್ತೀನಿ. ಆಮೇಲೆ ಬೇರೆಯವನ ಹೆಸರು ಬರೀತಾರೆ."

ಹೆದರಿದ ಹುಲಿಯಪ್ಪ ಊಟವನ್ನೇ ಬಿಟ್ಟ. ಬರಿಯ ಮಜ್ಜಿಗೆ ಕುಡಿದು ಕೆಲಸಕ್ಕೆ ಹೋದ. ಮೂರನೆಯ ದಿನ ಕುಲುಮೆಯ ಬಿಸಿಗೆ ಕಣ್ಣು ಕತ್ತಲಿಟ್ಟು ಬಿದ್ದ. ಇಬ್ಬರು ತೋಳು ಹಿಡಿದು ಮನೆಗೆ ತಂದು ಬಿಟ್ಟರು.

"ಅವಳು ಕಣ್ಣು ಹಾಕ್ತಾಳೆ, ಅದಕ್ಕೇ ಮೈಗೆ ಹತ್ತಲ್ಲ," ಎಂದ ಭೂತಪ್ಪ, ಸೊಸೆಯತ್ತ ಬೆರಳು ತೋರಿಸಿ. ಅವತ್ತಿನಿಂದ ತುಪ್ಪ ಮತ್ತೆ ಬಂತು, ಮೊದಲಿಗಿಂತ ಹೆಚ್ಚಾಗಿಯೇ.

ಆ ವಾರದಲ್ಲೇ ಮಾಸ್ತಮ್ಮ ಪಾವಟಿಗೆಯಲ್ಲಿ ಜಾರಿದಳು. ಸಂಜೆಯ ಸ್ನಾನಕ್ಕೆ ನೀರು ತರುತ್ತಿದ್ದಳು. ಪಾಚಿ ಕಟ್ಟಿದ ಕಲ್ಲು. ತಲೆಯ ಬಿಂದಿಗೆಯನ್ನು ಹಿಡಿಯಲು ಹೋಗಿ ಸೊಂಟ ಉಳುಕಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎತ್ತಿ ತಂದರು. ಉಪ್ಪಿನ ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು. ಅವಳಿಗೆ ಮಗ್ಗುಲಾಗಲೂ ಆಗಲಿಲ್ಲ.

ಮಗಳು ಬಂಗಾರಮ್ಮನಿಗೆ ಆಗ ಹದಿಮೂರು. ಮನೆಯಲ್ಲಿ ಎಲ್ಲರಿಗೂ ಬಂಗಾರಿ. ಆ ವರ್ಷ ಮಿಡ್ಲ್ ಸ್ಕೂಲಿನಿಂದ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರುವವಳು. ಆ ಬೀದಿಯಲ್ಲಿ ಅಲ್ಲಿಯವರೆಗೆ ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುತ್ತಿದ್ದಾಗ ಅಜ್ಜಿ ತಲೆಯ ಮೇಲೆ ಬಿಂದಿಗೆ ಕೂರಿಸುವ ಬಟ್ಟೆಯ ಸಿಂಬಿ ತಂದು ಕೈಗಿಟ್ಟಳು.

"ಇನ್ನು ಸ್ಕೂಲು ಸಾಕು. ನನ್ನ ಮೊಣಕಾಲಲ್ಲಿ ಹೊಳೆ ಇಳಿಯೋಕಾಗಲ್ಲ. ನೀರಿಗೆ ಹೋಗು."

"ಅಜ್ಜಿ, ಪರೀಕ್ಷೆ—"

"ಪರೀಕ್ಷೆ ಬರೆದು ನೀನೇನು ಅಮಲ್ದಾರ್ತಿ ಆಗ್ತೀಯಾ?"

ಬಂಗಾರಿ ಅಳಲಿಲ್ಲ. ಸಿಂಬಿಯನ್ನು ನೆಲಕ್ಕೆ ಬಿಸಾಡಿ ಅಪ್ಪನ ಮುಖ ನೋಡಿದಳು. ಹುಲಿಯಪ್ಪ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. "ಅಮ್ಮನ ಸೊಂಟ ಸರಿಹೋಗೋ ತನಕ ಹೋಗಮ್ಮ," ಎಂದ.

ಕೋಣೆಯೊಳಗಿನ ಚಾಪೆಯಿಂದ ಮಾಸ್ತಮ್ಮ ಎದ್ದಳು. ಹೇಗೆ ಎದ್ದಳೋ. ಗೋಡೆ ಹಿಡಿದು, ಬಾಗಿಲು ಹಿಡಿದು, ಬಾಗಿದ ಬೆನ್ನಿನಲ್ಲೇ ಹಿತ್ತಲ ಬಾಗಿಲಿಗೆ ಬಂದಳು.

"ಬಂಗಾರಿ, ಪುಸ್ತಕ ತಗೋ. ಸ್ಕೂಲಿಗೆ ನಡಿ."

"ನೀರು?" ಎಂದಳು ಹುಚ್ಚಮ್ಮ.

"ನೀರು ಇಗೋ ಇವನು ತರ್ತಾನೆ." ಮಾಸ್ತಮ್ಮ ಗಂಡನತ್ತ ಕೈ ಮಾಡಿದಳು. ಮದುವೆಯಾದಂದಿನಿಂದ ಒಂದು ದಿನವೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ. "ನಿನಗೇ ಹೇಳ್ತಿರೋದು. ಕಲ್ಲು ಎತ್ತೋಕೆ ಶಕ್ತಿ ಇದೆ, ಬಿಂದಿಗೆ ಎತ್ತೋಕಿಲ್ವಾ? ಡಾಕ್ಟರು ಮೈಗೆ ಕೆಲಸ ಕೊಡು ಅಂದ್ರು. ಕೆಲಸ ಅಂದ್ರೆ ಯಾವುದು? ನಾನು ಮಾಡೋದು ಕೆಲಸ ಅಲ್ವಾ? ನನ್ನ ಮೈ ನೋಡು, ಎಲ್ಲಾದ್ರೂ ಒಂದು ಹಿಡಿ ಕೊಬ್ಬು ಇದೆಯಾ, ನೋಡು!"

ಭೂತಪ್ಪ ಜಗಲಿಯಿಂದ ಇಳಿದು ಬಂದ. ಅವನ ಮೀಸೆ ಅದುರುತ್ತಿತ್ತು. "ಗುಂಡು ಎತ್ತೋ ಕೈಲಿ ಬಿಂದಿಗೆ ಹೊರಿಸ್ತೀಯೇನೇ? ನನ್ನ ಮಗ ಹೊಳೆಯಿಂದ ನೀರು ಹೊತ್ರೆ ನಾನು ಶಿವಮೊಗ್ಗದಲ್ಲಿ ತಲೆ ಎತ್ತಿ ಓಡಾಡ್ಲಾ?"

"ಮೊಮ್ಮಗಳು ಹೊತ್ರೆ ಎತ್ತಬಹುದಾ ಮಾವ?"

"ಹುಲಿಯ! ಇವಳ ಬಾಯಿ ಮುಚ್ಚಿಸ್ತೀಯೋ ಇಲ್ವೋ?"

ಹುಲಿಯಪ್ಪ ಎಣ್ಣೆ ಕೈಯಲ್ಲೇ ನಿಂತಿದ್ದ. ಬಾಯಿ ಮುಚ್ಚಿಸಲಿಲ್ಲ. ಹೆಂಡತಿ ನೆಟ್ಟಗೆ ನಿಲ್ಲಲಾರದೆ ಬಾಗಿಲ ಚೌಕಟ್ಟಿಗೆ ನೇತುಬಿದ್ದಂತಿದ್ದಳು. ಬಂಗಾರಿ ಆ ಗಲಾಟೆಯಲ್ಲೇ ಪುಸ್ತಕ ಎತ್ತಿಕೊಂಡು ಬೀದಿಗೆ ಓಡಿದಳು.

"ಈ ಮನೇಲಿ ಪೈಲ್ವಾನ ಹುಟ್ಟಲ್ಲ," ಎಂದು ಭೂತಪ್ಪ ಹೆಗಲಿಗೆ ವಸ್ತ್ರ ಎಸೆದುಕೊಂಡ. ಮಧ್ಯಾಹ್ನದ ರೈಲಿಗೆ ಶಿವಮೊಗ್ಗಕ್ಕೆ, ಮಗಳು ಉಚ್ಚಂಗಮ್ಮನ ಮನೆಗೆ ಹೊರಟುಹೋದ.

ಅವತ್ತಿಡೀ ಮನೆಯಲ್ಲಿ ನೀರಿಲ್ಲ. ಪಕ್ಕದ ಮನೆಯವರು ಕುಡಿಯಲು ಒಂದು ತಂಬಿಗೆ ಕೊಟ್ಟರು. ಕೆಲಸ ಮುಗಿಸಿ ಮಸಿ ಮೈಯಲ್ಲಿ ಬಂದ ಹುಲಿಯಪ್ಪ ಬಚ್ಚಲಿಗೆ ಹೋಗಿ ಖಾಲಿ ಹಂಡೆ ನೋಡಿ ಹೊರಗೆ ಬಂದ. ಮಾಸ್ತಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಡುಗೆ ಆಗಿರಲಿಲ್ಲ. ಹುಚ್ಚಮ್ಮ ಅವಲಕ್ಕಿ ಕೊಟ್ಟಳು, ಒಣದು.

ಮರುದಿನ ಇನ್ನೂ ನಸುಕಿರುವಾಗಲೇ ಅವನು ಎದ್ದ. ಯಾರಿಗೂ ಗುರುತು ಸಿಗಬಾರದೆಂದು ತಲೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಬಿಂದಿಗೆ ಎತ್ತಿಕೊಂಡ. ಹೊಳೆ ಇಳಿಯುವಾಗ ಸುಲಭವೆನಿಸಿತು. ತುಂಬಿದ ಬಿಂದಿಗೆ ಹೆಗಲಿಗೆ ಬಂದ ಮೇಲೆ ಪಾವಟಿಗೆ ಮುಗಿಯಲೇ ಇಲ್ಲ. ನಡುವೆ ಎರಡು ಕಡೆ ಕೂತ. ಮನೆಗೆ ಬರುವಾಗ ಅರ್ಧ ನೀರು ಅವನ ಬೆನ್ನ ಮೇಲಿತ್ತು.

"ಇಷ್ಟೇನಾ?" ಎಂದಳು ಹುಚ್ಚಮ್ಮ ಬಿಂದಿಗೆಯೊಳಗೆ ಬಗ್ಗಿ ನೋಡಿ.

"ಬಾಯಿ ಮುಚ್ಚವ್ವ," ಎಂದು ಅವನು ಮತ್ತೆ ಹೊರಟ.

ಹೀಗೆ ನಡೆಯಿತು. ಹಂಡೆ ತುಂಬಲು ಎಷ್ಟು ಸಲ ಇಳಿದು ಹತ್ತಬೇಕೆಂಬುದು ಅವನಿಗೆ ಗೊತ್ತಾದ ಮೇಲೆ ದಿನಕ್ಕೆರಡು ಸ್ನಾನ ತಾನಾಗಿ ಒಂದಕ್ಕೆ ಇಳಿಯಿತು. ಸಂಜೆ ಹಿತ್ತಲಿನಲ್ಲಿ ಸೌದೆ ಸೀಳಿದ. ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಸೊಂಟ ನೋಯಿಸಿಕೊಂಡು ಕೂತಲ್ಲೇ ಅಡುಗೆ ಮಾಡುತ್ತಿದ್ದ ಮಾಸ್ತಮ್ಮ ರಾಗಿ ಬೀಸಲಾರೆ ಎಂದಳು. ಬೀಸುಕಲ್ಲಿಗೂ ಅವನೇ ಕೂತ, ಬಾಗಿಲು ಹಾಕಿಕೊಂಡು. ತುಪ್ಪ, ಬಾದಾಮಿ ತರುವ ಭೂತಪ್ಪ ಊರಲ್ಲಿರಲಿಲ್ಲ. ಮುದ್ದೆ, ಸೊಪ್ಪಿನ ಸಾರು. ಎರಡಕ್ಕಿಂತ ಹೆಚ್ಚು ಮುದ್ದೆಯನ್ನು ಮಾಸ್ತಮ್ಮ ಬೇಯಿಸಲಿಲ್ಲ. "ಇನ್ನೊಂದು ಬೇಕಾದ್ರೆ ಇನ್ನೊಂದಿಷ್ಟು ಬೀಸಿ," ಎನ್ನುವಳು.

ಗಂಡಹೆಂಡಿರು ಅಷ್ಟು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಬಂಗಾರಿ ದೀಪದ ಮುಂದೆ ಗಟ್ಟಿಯಾಗಿ ಓದುವಳು. ಹುಚ್ಚಮ್ಮ ಮಗನ ಹೆಗಲಿನ ಮೇಲೆ ಬಿಂದಿಗೆಯ ಗುರುತು ನೋಡಿ ಲೊಚಗುಟ್ಟುವಳು. ಒಂದು ದಿನ ಅದಕ್ಕೆ ಎಣ್ಣೆ ಹಚ್ಚುತ್ತ ತನ್ನ ನೆತ್ತಿಯನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಸಿಂಬಿ ಕೂತು ಕೂತು ಕೂದಲೇ ಬೆಳೆಯದೆ ಬೋಳಾಗಿತ್ತು. ಎಣ್ಣೆ ಹಚ್ಚುವುದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಹುಲಿಯಪ್ಪನ ಪಂಚೆಯ ಗಂಟು ಒಳಕ್ಕೆ ಸರಿಯಿತು. ಪಾವಟಿಗೆಯ ಮಧ್ಯೆ ಕೂರುವುದು ನಿಂತಿತು. ಡಾಕ್ಟರು ಮೆಟ್ಟಿಲು ಹತ್ತಿಸಿದರು, ಇಳಿಸಿದರು, ಎದೆಗೆ ನಳಿಗೆ ಇಟ್ಟರು. ನಕ್ಕು ಸಹಿ ಹಾಕಿದರು.

"ಏನಯ್ಯ ಮಾಡ್ದೆ?"

"ಗರಡಿ, ಸ್ವಾಮಿ," ಎಂದ ಹುಲಿಯಪ್ಪ.

ಸುದ್ದಿ ಶಿವಮೊಗ್ಗ ಮುಟ್ಟಿತು. ಭೂತಪ್ಪನ ಸಿಟ್ಟು ಒಂದೇ ದಿನಕ್ಕೆ ಇಳಿಯಿತು. ಭಾನುವಾರ ಎಲ್ಲರೂ ಉಚ್ಚಂಗಮ್ಮನ ಮನೆಗೆ ಬರಬೇಕು, ಗರಡಿಯಲ್ಲಿ ಪೂಜೆ, ಆಮೇಲೆ ಊಟ ಎಂದು ಹೇಳಿಕಳಿಸಿದ. ಗರಡಿಯೊಳಗೆ ಹೆಂಗಸರು ಹೋಗುವಂತಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಉಚ್ಚಂಗಮ್ಮನ ಜೊತೆ ಬೆಳಗಿನಿಂದ ಕೋಳಿ ಸಾರಿಗೆ ಖಾರ ಅರೆದರು. ಹುಲಿಯಪ್ಪ ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ಬಂದ. ಜೊತೆಗೆ ಉಸ್ತಾದ್ ಸಿದ್ದಯ್ಯ, ಗರಡಿಯ ನಾಲ್ಕಾರು ಜನ. ಪಡಸಾಲೆಯಲ್ಲಿ ಎಲೆ ಹಾಕಿದರು.

"ನೋಡಿ, ಇವನ ಹೊಟ್ಟೆ ಎಲ್ಲಿ ಹೋಯ್ತು!" ಸಿದ್ದಯ್ಯ ಹುಲಿಯಪ್ಪನ ಬೆನ್ನು ಗುದ್ದಿದ. "ಗರಡಿ ಮಣ್ಣು ಹಣೆಗೆ ಹಚ್ಚಿದ್ರೆ ಸಾಕು, ಮೈ ತಾನೇ ದಾರಿಗೆ ಬರತ್ತೆ. ಹೇಳಯ್ಯ ಹುಲಿಯಪ್ಪ, ಈ ಹುಡುಗರಿಗೆ ಹೇಳು, ಹೇಗೆ ಇಳಿಸ್ದೆ?"

ಹುಲಿಯಪ್ಪ ತಂದೆಯ ಮುಖ ನೋಡಿದ. "ಗುಂಡು ಎತ್ತಿದ್ದು. ದಂಡ, ಬಸ್ಕಿ. ಎಲ್ಲಾ ಅಪ್ಪನ ಆಶೀರ್ವಾದ."

ಅಡುಗೆಮನೆಯ ಬಾಗಿಲಲ್ಲಿ ಮಾಸ್ತಮ್ಮ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ, ಸಾರು ಬಡಿಸುತ್ತಿದ್ದ ಹುಚ್ಚಮ್ಮ ಸೌಟು ಹಿಡಿದು ನೆಟ್ಟಗಾದಳು.

"ಸುಳ್ಳು."

ಎಲ್ಲರೂ ತಲೆಯೆತ್ತಿದರು.

"ಸುಳ್ಳು ಹೇಳ್ತಾನೆ ನನ್ನ ಮಗ. ಗುಂಡು ಎತ್ತಿದಾಗ ಹೊಟ್ಟೆ ಇನ್ನೂ ಬಂತು. ಹೊಳೆಯಿಂದ ನೀರು ಹೊತ್ತ, ಅದಕ್ಕೆ ಇಳೀತು. ಸೌದೆ ಸೀಳ್ದ. ಬಾಗಿಲು ಹಾಕ್ಕೊಂಡು ರಾಗಿ ಬೀಸ್ದ. ತಲೆಗೆ ಕೊಪ್ಪೆ ಹಾಕ್ಕೊಂಡು ಹೋಗ್ತಿದ್ದ, ಕಳ್ಳನ ಹಾಗೆ!"

"ಅವ್ವ, ಸುಮ್ನಿರು," ಎಂದ ಹುಲಿಯಪ್ಪ. ಮುಖ ಕೆಂಪಾಗಿತ್ತು.

ಭೂತಪ್ಪ ಎಲೆಯ ಮುಂದಿನಿಂದ ಅರ್ಧ ಎದ್ದ. "ಹೌದೇನೋ? ಹೆಂಗಸರ ಬಿಂದಿಗೆ ಹೊತ್ಯಾ?"

"ಇಲ್ಲಪ್ಪ. ಅವ್ವನಿಗೆ ವಯಸ್ಸಾಯ್ತು. ಏನೋ ಮಾತಾಡ್ತಾಳೆ."

ಹುಚ್ಚಮ್ಮ ಮಗನನ್ನೇ ನೋಡಿದಳು. ಆಮೇಲೆ ಗಂಡನನ್ನು. ಸೌಟನ್ನು ಸಾರಿನ ಪಾತ್ರೆಯೊಳಗೆ ಎಸೆದಳು. ಸಾರು ಸಿದ್ದಯ್ಯನ ಪಂಚೆಗೂ ಸಿಡಿಯಿತು.

"ವಯಸ್ಸಾಯ್ತು. ಹೌದು, ಆಯ್ತು. ನಿಮ್ಮಪ್ಪನ ಮೈ ತೊಳೆಯೋಕೆ ನೀರು ಹೊತ್ತು ಹೊತ್ತು ವಯಸ್ಸಾಯ್ತು. ನಿನ್ನನ್ನ ಹೊಟ್ಟೇಲಿಟ್ಕೊಂಡು ಹೊತ್ತೆ, ನಿನ್ನ ಹೆತ್ತ ಹತ್ತನೇ ದಿನಕ್ಕೆ ಮತ್ತೆ ಹೊತ್ತೆ. ಯಾವನೂ ನನ್ನ ಕೊರಳಿಗೆ ಹಾರ ಹಾಕ್ಲಿಲ್ಲ. ನಾಲ್ಕು ತಿಂಗಳು ಹೊತ್ತವನಿಗೆ ಹಾರ! ಅದನ್ನೂ ಹೊತ್ತೆ ಅಂತ ಹೇಳೋಕೆ ನಾಚಿಕೆ! ನಾಚಿಕೆಗೇಡಿನ ಕೆಲಸ ಆಗಿದ್ರೆ ನನ್ನ ಕೈಲಿ ಯಾಕೋ ಮಾಡಿಸಿದ್ರಿ? ಸೊಸೆ ಕೈಲಿ ಯಾಕೆ ಮಾಡಿಸಿದ್ರಿ? ನಾನೂ ಸೇರ್ಕೊಂಡೆ ನಿಮ್ಮ ಜೊತೆ, ಆ ಮಗು ಕೈಗೂ ಸಿಂಬಿ ಕೊಟ್ಟೆ, ನನ್ನ ಬುದ್ಧಿಗೆ ಬೆಂಕಿ ಬಿತ್ತು!"

ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಸಿದ್ದಯ್ಯ ಪಂಚೆಗೆ ಸಿಡಿದ ಸಾರು ಒರೆಸಿಕೊಂಡ. ಭೂತಪ್ಪ ಎದ್ದು ಕೈ ತೊಳೆಯದೆಯೇ ಬೀದಿಗೆ ಹೋದ.

ಭದ್ರಾವತಿಗೆ ಹಿಂತಿರುಗುವ ರೈಲಿನಲ್ಲಿ ಹುಲಿಯಪ್ಪ ಒಂದು ಬೆಂಚಿನಲ್ಲಿ, ಹೆಂಗಸರು ಇನ್ನೊಂದರಲ್ಲಿ ಕೂತರು. ಮನೆಗೆ ಬಂದ ಮೇಲೆ ಅವನು ಬಾಗಿಲಲ್ಲೇ ಹೇಳಿದ: "ನಾಳೆಯಿಂದ ನಾನು ಕ್ರೇನ್ ಡ್ರೈವರು. ಇನ್ನು ನೀರು ಗೀರು ಅಂತ ನನ್ನ ಹತ್ರ ಬರಬೇಡಿ. ಇವಳ ಸೊಂಟ ಸರಿಹೋಯ್ತಲ್ಲ."

ಮಾಸ್ತಮ್ಮ ಖಾಲಿ ಬಿಂದಿಗೆಯನ್ನು ಬಾಗಿಲ ಪಕ್ಕ ಇಟ್ಟು ಒಳಗೆ ಹೋದಳು.

ಬೆಳಗಾಯಿತು. ಅವಳು ಒಲೆ ಹಚ್ಚಲಿಲ್ಲ. ಹುಚ್ಚಮ್ಮ ಸೊಸೆಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಇಬ್ಬರೂ ಒಂದೇ ಗೋಡೆಗೆ ಒರಗಿ ಕೂತದ್ದು ಆ ಮನೆಯಲ್ಲಿ ಅದೇ ಮೊದಲು. ಬಂಗಾರಿ ಪಕ್ಕದ ಮನೆಯಲ್ಲಿ ಮುಖ ತೊಳೆದು ಸ್ಕೂಲಿಗೆ ಹೋದಳು. ಹುಲಿಯಪ್ಪ ಎದ್ದು ಬಚ್ಚಲಿಗೆ ಹೋದ, ಅಡುಗೆಮನೆಗೆ ಹೋದ, ಗುಡಾಣದೊಳಗೆ ಬಗ್ಗಿ ನೋಡಿದ.

"ಒಂದು ತೊಟ್ಟು ನೀರಿಲ್ವಲ್ರೇ ಮನೇಲಿ!"

"ಹೊಳೇಲಿ ಬೇಕಾದಷ್ಟಿದೆ," ಎಂದಳು ಮಾಸ್ತಮ್ಮ.

ಅವನ ಕೈ ಮೇಲೆದ್ದಿತು. ಹುಚ್ಚಮ್ಮ ಕೂತಲ್ಲಿಂದಲೇ, "ಹೊಡಿ," ಎಂದಳು. "ಮೊದ್ಲು ನನಗೆ ಹೊಡಿ. ಆಮೇಲೂ ನೀರು ನೀನೇ ತರಬೇಕು."

ಕಾರ್ಖಾನೆಯ ಕೂಗು ಆಗಿಹೋಯಿತು. ಹೊತ್ತಾಗುತ್ತಿತ್ತು. ಎತ್ತಿದ ಕೈಯನ್ನು ಇಳಿಸಿ ಅವನು ಬಾಗಿಲ ಪಕ್ಕದ ಬಿಂದಿಗೆಯನ್ನು ಕಾಲಿನಿಂದ ಒದ್ದ. ಅದು ಉರುಳಿ ಅಂಗಳದ ಅಂಚಿಗೆ ಹೋಗಿ ನಿಂತಿತು. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಹೋಗಿ ಅದನ್ನು ಎತ್ತಿಕೊಂಡ. ಕಂಬಳಿ ಇಲ್ಲ, ಕೊಪ್ಪೆ ಇಲ್ಲ. ಹಾಡಹಗಲು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವನು ಹೆಂಡತಿಯನ್ನು ಬೈದ, ತಾಯಿಯನ್ನು ಬೈದ, ಡಾಕ್ಟರನ್ನು ಬೈದ. ಹೊಳೆ ಇಳಿಯುವಾಗಲೂ ಬೈದ, ತುಂಬಿಕೊಂಡು ಹತ್ತುವಾಗಲೂ ಬೈದ. ನೀರು ಒಂದು ಹನಿಯೂ ಚೆಲ್ಲಲಿಲ್ಲ. ಅಂಗಳದಲ್ಲಿ ಬಿಂದಿಗೆಯನ್ನು ಕುಕ್ಕಿ, ಇನ್ನೊಂದನ್ನು ಕಿತ್ತುಕೊಂಡು, ಬೈಯುತ್ತಲೇ ಮತ್ತೆ ಹೊರಟ.

"ಎಂಥಾ ಮಾತು ಆಡ್ತಾನಲ್ಲೇ," ಎಂದಳು ಹುಚ್ಚಮ್ಮ. "ಬೀದಿಯೆಲ್ಲಾ ಕೇಳ್ತಾ ಇದೆ."

ಮಾಸ್ತಮ್ಮ ಒಲೆಗೆ ಸೌದೆ ಒಡ್ಡುತ್ತಿದ್ದಳು.

"ಬೈಲಿ ಬಿಡಿ ಅತ್ತೆ. ನಾವೇನು ಹಾಡು ಹೇಳ್ಕೊಂಡು ಹೊತ್ವಾ?"